ಕಚ್ಚಿಸಿಕೊಂಡು ಪಳಗಿದ ಮೈಗೆ ರೋಗ ಬಾರದೆ?

ಕಳೆದ ತಿಂಗಳು ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನಮ್ಮ ಹಿರಿಯ ಸದಸ್ಯರೊಬ್ಬರು ತೋಳು ಮಡಿಸಿ ತೋರಿಸಿದರು. "ನಲವತ್ತು ವರ್ಷದಿಂದ ಉಣುಗು, ಉಂಬಳ, ನುಸಿ ಎಲ್ಲದಕ್ಕೂ ರಕ್ತ ಕೊಟ್ಟಿದ್ದೇನೆ, ಸೆಕ್ರೆಟರಿಗಳೇ. ಈಗ ಕಚ್ಚಿದರೆ ಒಂದು ಗುಳ್ಳೆಯೂ ಏಳುವುದಿಲ್ಲ. ಮೈ ಪಳಗಿದೆ. ನನಗೆ ಯಾಕೆ ಎಣ್ಣೆ ಹಚ್ಚುವ ರಗಳೆ?" ಎಂದರು. ಸುತ್ತ ಇದ್ದವರು ಹೌದೆಂದು ತಲೆಯಾಡಿಸಿದರು. ನಾನೂ ಹಿಂದೆ ಹಾಗೆಯೇ ನಂಬಿದ್ದವನು. ಆದ್ದರಿಂದ ಅಲ್ಲಿಯೇ ಉತ್ತರ ಹೇಳಲಿಲ್ಲ. ಓದಿ ತಿಳಿದ ಮೇಲೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅಪಾಯಕಾರಿ. ಕೀಟದ ಕಡಿತದಿಂದ ಮೈಗೆ ರೋಗನಿರೋಧಕ ಶಕ್ತಿ ಬರುತ್ತದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಆಳವಾಗಿ ಪರಿಶೀಲಿಸಿರುವುದು ಮರಳುನೊಣ ಮತ್ತು ಅದು ಹರಡುವ ಚರ್ಮದ ಹುಣ್ಣಿನ ವಿಷಯದಲ್ಲಿ. ಮೊದಲು ಅದನ್ನು ನೋಡೋಣ.

ಹುಣ್ಣು ಮತ್ತು ಅದರ ವಾಹಕ

ಈ ರೋಗಕ್ಕೆ ಲೀಷ್ಮೇನಿಯಾಸಿಸ್ ಎಂದು ಹೆಸರು. ಕಾರಣ, ಕಣ್ಣಿಗೆ ಕಾಣದ ಒಂದು ಏಕಕೋಶ ಪರೋಪಜೀವಿ. ಇದರ ಒಂದು ಜಾತಿ ಬಿಹಾರ, ಬಂಗಾಳದ ಕಡೆ ಕಾಲಾ ಆಜಾರ್ ಎಂಬ ಜ್ವರವನ್ನು ತರುತ್ತದೆ. ಆ ಜೀವಿಯನ್ನು 1903ರಲ್ಲಿ ವರದಿ ಮಾಡಿದವರು ಲೀಷ್ಮನ್ ಮತ್ತು ಮದರಾಸಿನಲ್ಲಿದ್ದ ಡೊನೊವನ್. ಬೇರೆ ಜಾತಿಗಳು ಕಚ್ಚಿದ ಜಾಗದಲ್ಲಿ ಮೊದಲು ಗಂಟು, ಆಮೇಲೆ ಕುಳಿ ಬಿದ್ದ ಹುಣ್ಣು ಮಾಡುತ್ತವೆ. ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ತಿಂಗಳುಗಟ್ಟಲೆ ಉಳಿದು ಕೊನೆಗೆ ಕಲೆ ಬಿಟ್ಟು ಮಾಯುತ್ತದೆ. ಬಾಗ್ದಾದ್ ಹುಣ್ಣು, ಅಲೆಪ್ಪೊ ಹುಣ್ಣು, ದೆಹಲಿ ಹುಣ್ಣು ಎಂದೆಲ್ಲ ಊರಿಗೊಂದು ಹೆಸರಿನಿಂದ ಕರೆದದ್ದು ಇದನ್ನೇ. ರಾಜಸ್ಥಾನದ ಬಿಕಾನೇರ್ ಇದರ ಹಳೆಯ ನೆಲೆ. ನಮ್ಮದೇ ಪಶ್ಚಿಮ ಘಟ್ಟದ ದಕ್ಷಿಣ ತುದಿಯಲ್ಲಿ, ಕೇರಳದ ಕಾಡಿನ ಜನರಲ್ಲಿಯೂ ಕಂಡುಬಂದಿದೆ.

ಕಾಫಿ ಬೆಳೆಗಾರರಿಗೆ ಇದು ಹೊರಗಿನ ವಿಷಯವಲ್ಲ. ಬ್ರೆಜಿಲಿನ ಸಾವೊ ಪೌಲೊ ಪ್ರಾಂತದಲ್ಲಿ 1908–09ರ ಸುಮಾರಿಗೆ ಕಾಡು ಕಡಿದು ರೈಲು ಹಳಿ ಹಾಕುತ್ತಿದ್ದ ಕೂಲಿಗಳಿಗೆ ಬಂದ ಹುಣ್ಣಿಗೆ ಆ ಕಡೆಯ ಬೌರು ಊರಿನ ಹೆಸರೇ ಬಿತ್ತು. ಕೊಲಂಬಿಯ, ವೆನೆಜುವೆಲಗಳ ನೆರಳಿನ ಕಾಫಿ ತೋಟಗಳಲ್ಲಿ ಮರಳುನೊಣಗಳಿವೆ. ಅಲ್ಲಿನ ತೋಟದ ಜನರಿಗೆ ಈ ಹುಣ್ಣು ಪರಿಚಿತ.

ಮರಳುನೊಣ ಎರಡು ಮೂರು ಮಿಲಿಮೀಟರ್ ಉದ್ದದ, ರೋಮ ತುಂಬಿದ ಪುಟ್ಟ ಕೀಟ. ಸದ್ದು ಮಾಡದು, ದೂರ ಹಾರದು. ಸೊಳ್ಳೆಯ ಹಾಗೆ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಸಗಣಿ, ಕೊಳೆತ ದರಗು ಸೇರಿದ ತೇವದ ಮಣ್ಣು, ಗೋಡೆಯ ಬಿರುಕು ಇದರ ಮನೆ. ರಕ್ತ ಹೀರುವುದು ಹೆಣ್ಣು ಮಾತ್ರ.

ಕಡಿತದಿಂದಲೇ ರೋಗ ಹರಡುತ್ತದೆಂದು ತೋರಿಸಲು ನಮ್ಮ ದೇಶದಲ್ಲಿಯೇ ಬಹಳ ವರ್ಷ ಹೆಣಗಿದರು. ಒಮ್ಮೆ ರಕ್ತ ಕುಡಿದ ನೊಣಗಳು ಎರಡನೆಯ ಸಲ ಕಚ್ಚುವ ಮೊದಲೇ ಸಾಯುತ್ತಿದ್ದವು. ರಕ್ತದ ನಂತರ ಒಣದ್ರಾಕ್ಷಿ ಉಣಿಸಿದರೆ ಅವು ಬದುಕುತ್ತವೆ, ಪರೋಪಜೀವಿಯೂ ಹೊಟ್ಟೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂದು ಗೊತ್ತಾದ ಮೇಲೆ ಕೆಲಸ ಸುಗಮವಾಯಿತು. 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬವರು ಅಸ್ಸಾಮಿನ ಸ್ವಯಂಸೇವಕರ ಮೇಲೆ ಕಾಲಾ ಆಜಾರ್ ಕಡಿತದಿಂದ ಬರುವುದನ್ನು ಸಿದ್ಧಪಡಿಸಿದರು.

ಜೊಲ್ಲಿನ ಕೈವಾಡ

ನೊಣ ಕಚ್ಚುವಾಗ ಬರೀ ಸೂಜಿ ಚುಚ್ಚುವುದಿಲ್ಲ; ಜೊಲ್ಲನ್ನೂ ಬಿಡುತ್ತದೆ. ಆ ಜೊಲ್ಲಿನ ವಸ್ತುಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ, ರಕ್ತನಾಳ ಹಿಗ್ಗಿಸುತ್ತವೆ, ಅಲ್ಲಿನ ಕಾವಲು ಕಣಗಳನ್ನು ಮಂಕುಮಾಡುತ್ತವೆ. ಇದೆಲ್ಲ ನೊಣದ ಊಟದ ಅನುಕೂಲಕ್ಕೆ. ಆದರೆ ಜೊತೆಯಲ್ಲಿ ಬಂದ ಪರೋಪಜೀವಿಗೂ ಲಾಭ. 1988ರಲ್ಲಿ ಟೈಟಸ್ ಮತ್ತು ರಿಬೇರೊ, ಪರೋಪಜೀವಿಯನ್ನು ನೊಣದ ಜೊಲ್ಲಿನ ಗ್ರಂಥಿಯ ಸಾರದೊಡನೆ ಇಲಿಗೆ ಚುಚ್ಚಿದರೆ ಹುಣ್ಣು ಬಹಳ ದೊಡ್ಡದಾಗುತ್ತದೆಂದು ತೋರಿಸಿದರು. ಅಂದರೆ ಹೊಸ ಮೈಗೆ ಕಡಿತ ದುಪ್ಪಟ್ಟು ಕೇಡು.

ಆದರೆ ಮೈ ಸುಮ್ಮನೆ ಕೂರುವುದಿಲ್ಲ. ರೋಗವಿಲ್ಲದ ನೊಣಗಳು ಕಚ್ಚಿದಾಗ ಆ ಜೊಲ್ಲಿನ ಗುರುತನ್ನು ಇಟ್ಟುಕೊಳ್ಳುತ್ತದೆ. ಮುಂದೊಮ್ಮೆ ಅದೇ ಜೊಲ್ಲು ಬಿದ್ದರೆ ಒಂದೆರಡು ದಿನದಲ್ಲಿ ಆ ಜಾಗ ಕೆಂಪಾಗಿ ಗಟ್ಟಿಯಾಗುತ್ತದೆ. ರಕ್ಷಣಾ ಕಣಗಳು ಗುಂಪುಗೂಡಿ ಭಕ್ಷಕ ಕಣಗಳನ್ನು ಹುರಿದುಂಬಿಸುತ್ತವೆ. ಪರೋಪಜೀವಿ ಅಡಗುವುದು ಈ ಭಕ್ಷಕ ಕಣಗಳ ಒಳಗೇ ಆದ್ದರಿಂದ ಅಲ್ಲಿಯೇ ಅದಕ್ಕೆ ಸಾವು. ಕಳ್ಳನ ಮುಖ ನಾಯಿಗೆ ಗೊತ್ತಿಲ್ಲ. ಆದರೆ ಅವನನ್ನು ಕರೆತಂದ ಗಾಡಿಯ ಸದ್ದು ಗೊತ್ತು. ಗಾಡಿಗೆ ಬೊಗಳಿದಾಗ ಕಳ್ಳನೂ ಸಿಕ್ಕಿಬಿದ್ದಂತೆ. ಅಮೆರಿಕದ ಕಮ್ಹಾವಿ ಮತ್ತು ಸಂಗಡಿಗರು ಇದನ್ನು 2000ದಲ್ಲಿ ಇಲಿಗಳಲ್ಲಿ ತೋರಿಸಿದರು. 2015ರಲ್ಲಿ ಕೋತಿಗಳಲ್ಲಿಯೂ ಇಂಥ ರಕ್ಷಣೆ ಕಂಡಿತು. ಜೊಲ್ಲಿನ ಒಂದು ಪ್ರೋಟೀನಿನಿಂದಲೇ ಲಸಿಕೆ ಮಾಡುವ ಯತ್ನ ಇದರಿಂದ ಹುಟ್ಟಿತು.

ಇಲ್ಲಿಯವರೆಗೆ ನಮ್ಮ ಹಿರಿಯರ ಮಾತು ಗೆದ್ದಂತೆ ಕಾಣುತ್ತದೆ. ಮುಂದೆ ಓದಿ.

ಪಳಗಿದ ಮೈಯ ಮರ್ಮ

ಮೊದಲನೆಯದಾಗಿ, ರಕ್ಷಣೆ ಎಲ್ಲ ನೊಣಕ್ಕೂ ಒಂದೇ ಅಲ್ಲ. ಬ್ರೆಜಿಲಿನ ಒಂದು ಜಾತಿಯ ನೊಣದ ಜೊಲ್ಲನ್ನು ಮೊದಲೇ ಕೊಟ್ಟ ಇಲಿಗಳಲ್ಲಿ ಹುಣ್ಣು ಕಡಿಮೆಯಾಗುವ ಬದಲು ಹೆಚ್ಚಾಯಿತೆಂದು 2007ರಲ್ಲಿ ವರದಿಯಾಗಿದೆ.

ಎರಡನೆಯದು ನಮಗೆ ಮುಖ್ಯ. ಪ್ರಾಗ್ ನಗರದ ಸಂಶೋಧಕರು 2011ರಲ್ಲಿ, ಕೆಲವು ಸಲ ಮಾತ್ರ ಕಚ್ಚಿಸಿಕೊಂಡ ಇಲಿಗಳನ್ನೂ ದೀರ್ಘಕಾಲ ಕಚ್ಚಿಸಿಕೊಳ್ಳುತ್ತಲೇ ಇದ್ದ ಇಲಿಗಳನ್ನೂ ಹೋಲಿಸಿದರು. ಮೊದಲಿನವಕ್ಕೆ ರಕ್ಷಣೆ ಇತ್ತು. ಎರಡನೆಯವಕ್ಕೆ ಇರಲಿಲ್ಲ. ಸದಾ ಕಚ್ಚಿಸಿಕೊಂಡ ಮೈ ಆ ಜೊಲ್ಲಿಗೆ ಎದುರು ನಿಲ್ಲುವುದನ್ನೇ ಬಿಟ್ಟಿತ್ತು. ದಿನವೂ ಗಾಡಿ ಓಡಾಡಿದರೆ ನಾಯಿ ಬೊಗಳುವುದನ್ನು ನಿಲ್ಲಿಸುವುದಿಲ್ಲವೆ?

ಈಗ ನಮ್ಮ ಹಿರಿಯರ ತೋಳನ್ನು ನೆನೆಯಿರಿ. ಗುಳ್ಳೆ ಏಳದಿರುವುದನ್ನು ನಾವು ಶಕ್ತಿಯ ಗುರುತೆಂದು ತಿಳಿದಿದ್ದೇವೆ. ಆ ಇಲಿಗಳ ಲೆಕ್ಕದಲ್ಲಿ ಅದು ಕಾವಲು ಮಲಗಿದ ಗುರುತೂ ಆಗಿರಬಹುದು.

ಒಂದು ವ್ಯತ್ಯಾಸ ಗಮನಿಸಬೇಕು. ಹುಣ್ಣು ಬಂದು ಮಾಯ್ದವರಿಗೆ ಆ ಜಾತಿಯ ಪರೋಪಜೀವಿಯಿಂದ ಮತ್ತೆ ಹುಣ್ಣು ಬರುವುದು ಅಪರೂಪ. ಅದಕ್ಕೇ ಪಶ್ಚಿಮ ಏಷ್ಯದಲ್ಲಿ ತಾಯಂದಿರು ಮಕ್ಕಳ ಮುಖಕ್ಕೆ ಕಲೆ ಬೀಳದಿರಲೆಂದು ಬಟ್ಟೆ ಮುಚ್ಚುವ ಜಾಗಕ್ಕೆ ಹುಣ್ಣಿನ ರಸ ತಾಗಿಸುತ್ತಿದ್ದರು. ಅದು ರೋಗದಿಂದ ಬಂದ ಶಕ್ತಿ, ಕಡಿತದಿಂದಲ್ಲ. ಎರಡನ್ನೂ ಒಂದೆಂದು ತಿಳಿಯಬಾರದು.

ನಮ್ಮ ತೋಟಕ್ಕೆ ಪಾಠ

ನಮ್ಮ ಶತ್ರು ಉಣುಗು. ಗಿನಿಯಿಲಿಗೆ ಒಮ್ಮೆ ಉಣುಗಿನ ಮರಿ ಕಚ್ಚಿದರೆ ಮುಂದಿನ ಸಲ ಮರಿಗಳು ಸರಿಯಾಗಿ ರಕ್ತ ಕುಡಿಯಲಾರವು ಎಂದು ಟ್ರೇಗರ್ 1939ರಲ್ಲಿಯೇ ಕಂಡಿದ್ದರು. ಇದನ್ನು ಹಿಡಿದು ಮಂಗನ ಕಾಯಿಲೆಯಿಂದಲೂ ಪಾರಾದೆವು ಎಂದುಕೊಂಡರೆ ಕೆಟ್ಟೆವು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಪರೋಪಜೀವಿಯದಲ್ಲ, ವೈರಾಣುವಿನದು. ಇದರ ಹತ್ತಿರದ ಸಂಬಂಧಿಯಾದ, ಯೂರೋಪಿನಲ್ಲಿ ಉಣುಗು ಹರಡುವ ಮೆದುಳು ಜ್ವರದ ವೈರಾಣುವಿಗೆ ಉಣುಗಿನ ಜೊಲ್ಲು ನೆರವಾಗುತ್ತದೆಂದು 1993ರಲ್ಲಿ ತೋರಿಸಿದ್ದಾರೆ. ಒಂದೇ ಒಂದು ಮರಿ ಉಣುಗು ಸಾಕು. ಅದು ಕಚ್ಚಿದ್ದು ಹಲವರಿಗೆ ಗೊತ್ತಾಗುವುದೂ ಇಲ್ಲ.

ಆದ್ದರಿಂದ ಸದಸ್ಯರಲ್ಲಿ ವಿನಂತಿ:

1. ಕೊಯ್ಲಿನ ಕಾಲದಲ್ಲಿ, ಅದರಲ್ಲೂ ಡಿಸೆಂಬರಿನಿಂದ ಮೇ ತನಕ, ಕಾಡಂಚಿಗೆ ಸೊಪ್ಪು, ದರಗಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಯೇ ಹೋಗಬೇಕು. ಹಳಬರಿಗೂ ಹೊಸಬರಿಗೂ ಒಂದೇ ನಿಯಮ.

2. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬದಲು, ಮೈ ಪರೀಕ್ಷೆ.

3. ಕೊಟ್ಟಿಗೆ, ಲೈನ್ ಮನೆಗಳ ಗೋಡೆ ಬಿರುಕು ಮುಚ್ಚಿಸಿ. ಗೊಬ್ಬರದ ಗುಂಡಿ ಮಲಗುವ ಮನೆಯಿಂದ ದೂರವಿರಲಿ.

4. ಜ್ವರ ಬಂದರೆ, ಅಥವಾ ನೋವಿಲ್ಲದ ಹುಣ್ಣು ತಿಂಗಳಾದರೂ ಮಾಯದಿದ್ದರೆ, ಮುಲಾಮು ಹಚ್ಚುತ್ತ ಕೂರದೆ ವೈದ್ಯರಿಗೆ ತೋರಿಸಿ. ಕಾಡಿನಲ್ಲಿ ಕೆಲಸ ಮಾಡಿದ್ದನ್ನು ಅವರಿಗೆ ಹೇಳಲು ಮರೆಯಬೇಡಿ.

ನಮ್ಮ ಹಿರಿಯರಿಗೆ ಇದನ್ನೆಲ್ಲ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹಚ್ಚದಿದ್ದರೆ ನಮ್ಮ ಆಳುಗಳೂ ಹಚ್ಚುವುದಿಲ್ಲ, ಅಲ್ಲವೆ?" ಎಂದರು. ನಾನು ಹೇಳಬೇಕೆಂದಿದ್ದ ಕೊನೆಯ ಮಾತೂ ಅದೇ ಆಗಿತ್ತು.