ಸೂರಿನ ಮೇಲೆ ಕೆಲಸ ಮಾಡುವವರು

ಚಾಮುಂಡಿ ಬೆಟ್ಟದ ಮೋಟಾರು ರಸ್ತೆಯ ತಿರುವಿನಲ್ಲಿ ನಿಂತು ಮೈಸೂರನ್ನು ನೋಡುವವರ ಕಣ್ಣು ಮೊದಲು ಅರಸುವುದು ಅರಮನೆಯ ಗುಮ್ಮಟಗಳನ್ನು. ಆಮೇಲೆ ಕಾರಂಜಿ ಕೆರೆಯನ್ನು, ಲಲಿತಮಹಲನ್ನು. ಇವುಗಳ ನಡುವೆ ಹರಡಿಕೊಂಡಿರುವುದೆಲ್ಲ ಸೂರುಗಳೇ. ಹಳೆಯ ಅಗ್ರಹಾರಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಕೆಂಪು ಹೆಂಚು, ಬಡಾವಣೆಗಳ ಕಾಂಕ್ರೀಟು ತಾರಸಿ, ಅದರ ಮೇಲೊಂದು ನೀರಿನ ತೊಟ್ಟಿ, ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಯಂತ್ರ, ಕಾರ್ಖಾನೆಗಳ ಕಡೆಗೆ ತಗಡು ಮತ್ತು ಸಿಮೆಂಟ್ ಶೀಟು. ಹೀಗೆ ಕಾಣುವ ಒಂದೊಂದು ಸೂರಿನ ಮೇಲೂ ಯಾರೋ ಒಬ್ಬ ಮನುಷ್ಯ ಹತ್ತಿ ನಿಂತು ಕೆಲಸ ಮಾಡಿದ್ದಾನೆ. ಬೀಳುವ ಭಯವನ್ನು ಕುರಿತು ಆತನ ಅಭಿಪ್ರಾಯವೇನು, ಹಗ್ಗ ಕಟ್ಟಿಕೊಳ್ಳಪ್ಪಾ ಎಂದರೆ ಆತ ಏಕೆ ನಗುತ್ತಾನೆ, ಆ ನಗೆಯಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಬೆಟ್ಟದ ಮೇಲೆಯೇ ಇದಕ್ಕೊಂದು ನಿದರ್ಶನವಿದೆ. ದೇವಿಯ ಗುಡಿಯ ಏಳು ನೆಲೆಯ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದರು. ಇಂಥ ಗೋಪುರಕ್ಕೆ ಬಣ್ಣ ಬಳಿಯುವಾಗ, ಗಾರೆಯ ಬೊಂಬೆಗಳನ್ನು ತಿದ್ದುವಾಗ, ಬುಡದಿಂದ ಕಳಶದವರೆಗೆ ಸಾರುವೆ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಸಾರುವೆಯೆಂದರೆ ಉದ್ದನೆಯ ಗಳುಗಳನ್ನು ಹುರಿಯಿಂದ ಬಿಗಿದು, ನಡುನಡುವೆ ಹಲಗೆ ಹಾಸಿ ಮಾಡುವ ಅಟ್ಟಣೆ; ಈಚೆಗೆ ಗಳುಗಳ ಬದಲು ಕಬ್ಬಿಣದ ಕೊಳವೆಗಳೂ ಬಂದಿವೆ. ಅದನ್ನು ಕಟ್ಟುವುದಕ್ಕೇ ದಿನಗಟ್ಟಲೆ ಹಿಡಿಯುತ್ತದೆ, ಖರ್ಚೂ ಆಗುತ್ತದೆ. ಆದರೂ ಅದು ದಂಡದ ಖರ್ಚೆಂದು ಯಾರೂ ಗೊಣಗುವುದಿಲ್ಲ; ಅದರ ಮೇಲೆ ನಿಂತು ಬೊಂಬೆಯ ಹುಬ್ಬು ತೀಡುವ ಕೆಲಸಗಾರನನ್ನು ಯಾರೂ ಅಂಜುಬುರುಕನೆನ್ನುವುದಿಲ್ಲ. ಅದೇ ಮನುಷ್ಯ ಮಾರನೆಯ ವಾರ ನಮ್ಮ ಮನೆಯ ಸೋರುವ ಹೆಂಚು ಬದಲಿಸಲು ಬಂದರೆ ಆತನಿಗೆ ದೊರೆಯುವುದು ಒಂದು ಏಣಿ. ಅದೂ ಎಷ್ಟೋ ಸಲ ಪಕ್ಕದ ಮನೆಯಿಂದ ತಂದದ್ದು.

ಆ ಕೆಲಸಗಾರನನ್ನೇ ಮಾತಿಗೆಳೆದರೆ ಬರುವ ಉತ್ತರ ಹೆಚ್ಚುಕಡಮೆ ಹೀಗಿರುತ್ತದೆ: "ಏನೂ ಆಗಕಿಲ್ಲ ಬುಡಿ ಸ್ವಾಮಿ, ಚಿಕ್ಕಂದಿನಿಂದ ಹತ್ತಿ ಇಳಿದು ರೂಢಿ ಐತೆ. ಮ್ಯಾಲೆ ಚಾಮುಂಡವ್ವ ಇದಾಳೆ." ಇದನ್ನು ಕೇಳಿ ನಾವು ಅಜ್ಞಾನವೆಂದು ತಲೆಯಾಡಿಸಿಬಿಡುತ್ತೇವೆ. ಆದರೆ ಇದು ಅಜ್ಞಾನವಲ್ಲ. ಎತ್ತರದ ಅಪಾಯ ಆತನಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಿದ್ದು ಸೊಂಟ ಮುರಿದುಕೊಂಡವರನ್ನು ಆತ ಕಂಡಿರುತ್ತಾನೆ. ಆದರೆ ದಿನವೂ ಬೀಳಬಹುದೆಂದು ನೆನೆಯುತ್ತ ಯಾವನೂ ಮೂವತ್ತು ವರ್ಷ ಸೂರು ಹತ್ತಲಾರ. ಭಯವನ್ನು ಅದುಮಿಟ್ಟುಕೊಳ್ಳುವುದು ಆ ಕಸುಬಿನ ಒಂದು ಅಂಗ. ಬೀಳದೆ ಕಳೆದ ಒಂದೊಂದು ದಿನವೂ ತಾನು ಬೀಳುವವನಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಮನಸ್ಸಿನಲ್ಲಿ ಜಮೆಯಾಗುತ್ತದೆ. ಹೊಸದಾಗಿ ಬಂದ ಹುಡುಗ ಮೇಸ್ತ್ರಿಯನ್ನು ನೋಡಿ ಕಲಿಯುತ್ತಾನೆ; ಮೇಸ್ತ್ರಿ ಬರಿಗಾಲಲ್ಲಿ ಸೂರಿನ ಅಂಚಿನ ಮೇಲೆ ಓಡಾಡುತ್ತಿರುವಾಗ ತಾನೊಬ್ಬ ಹಗ್ಗ ಕೇಳಿದರೆ ಉಳಿದವರು ಏನೆನ್ನುತ್ತಾರೆಂಬ ನಾಚಿಕೆ ಬೇರೆ.

ಬಿದ್ದಾಗ ಎಲ್ಲರೂ ಹೇಳುವ ಮಾತು 'ಆಕಸ್ಮಿಕ'. ಈ ಪದವನ್ನು ಬಿಡಿಸಿ ನೋಡುವುದು ಕನ್ನಡ ಪಾಠ ಹೇಳುವವನಿಗೆ ಅಭ್ಯಾಸ. ಸಂಸ್ಕೃತದಲ್ಲಿ 'ಕಸ್ಮಾತ್' ಎಂದರೆ 'ಯಾವುದರಿಂದ'. 'ಅಕಸ್ಮಾತ್' ಎಂದರೆ ಯಾವುದರಿಂದಲೂ ಅಲ್ಲದೆ, ಅಂದರೆ ಕಾರಣವಿಲ್ಲದೆ. 'ಪ್ರಮಾದ'ದ ಕಥೆ ಬೇರೆ. ಕನ್ನಡದಲ್ಲಿ ಅದು ಬಹುಮಟ್ಟಿಗೆ ತಪ್ಪು, ಅನಾಹುತ ಎಂಬರ್ಥಕ್ಕೆ ನಿಂತಿದೆ. ಮೂಲದಲ್ಲಿ ಅದರ ಅರ್ಥ ಎಚ್ಚರಗೇಡು. ಸೂರಿನಿಂದ ಬೀಳುವುದಕ್ಕೆ ಸಲ್ಲುವ ಪದ ಈ ಎರಡನೆಯದು. ಏಕೆಂದರೆ ಈ ಬೀಳುವಿಕೆಗಳಿಗೆ ಕಾರಣಗಳಿವೆ, ಅವು ಬಹಳವೂ ಇಲ್ಲ, ಮತ್ತೆ ಮತ್ತೆ ಬರುವವು ಅವೇ.

ಎಲ್ಲಕ್ಕಿಂತ ಮೋಸದ್ದು ಸಿಮೆಂಟ್ ಶೀಟಿನ ಸೂರು. ಹೆಂಚಿನ ಇಳಿಜಾರು ಕಣ್ಣಿಗೆ ಕಾಣುತ್ತದೆ, ಕಾಲು ತಾನಾಗಿ ಹುಷಾರಾಗುತ್ತದೆ. ಶೀಟು ಹಾಗಲ್ಲ, ಗಟ್ಟಿ ನೆಲದಂತೆ ಕಾಣುತ್ತದೆ. ವರ್ಷಗಟ್ಟಲೆ ಬಿಸಿಲು ಮಳೆ ಉಂಡು ಅದು ಒಳಗೊಳಗೇ ಪೆಡಸಾಗಿರುವುದು ಮೇಲೆ ನಿಂತವನಿಗೆ ತಿಳಿಯುವುದಿಲ್ಲ. ಕಾಲಿಟ್ಟ ಕಡೆ ಹಪ್ಪಳದಂತೆ ಮುರಿದು ಮನುಷ್ಯ ನೇರವಾಗಿ ಒಳಗೆ ಬೀಳುತ್ತಾನೆ. ಬೆಳಕಿಗೆಂದು ನಡುವೆ ಹಾಕಿದ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಶೀಟು ಧೂಳು ಕೂತು ಉಳಿದವುಗಳ ಬಣ್ಣಕ್ಕೇ ತಿರುಗಿದ್ದರಂತೂ ಕೇಳುವುದೇ ಬೇಡ. ತಿಳಿದ ಕೆಲಸಗಾರರು ಬೋಲ್ಟುಗಳ ಸಾಲನ್ನು ಹಿಡಿದು ನಡೆಯುತ್ತಾರೆ, ಏಕೆಂದರೆ ಅದರ ಕೆಳಗೆ ಅಡ್ಡತೊಲೆ ಇರುತ್ತದೆ. ಇದು ಒಳ್ಳೆಯ ಅಭ್ಯಾಸವೇ, ಆದರೆ ಹೆಜ್ಜೆ ಒಂದು ಗೇಣು ಆಚೆಗೆ ಬಿದ್ದರೆ ಅಭ್ಯಾಸ ಕಾಯುವುದಿಲ್ಲ. ಎರಡು ಮೂರು ತೊಲೆಗಳ ಮೇಲೆ ಹಾಯುವಂತೆ ಉದ್ದನೆಯ ಹಲಗೆ ಹಾಕಿ ಅದರ ಮೇಲೆಯೇ ನಡೆಯುವುದು ಸರಿಯಾದ ಕ್ರಮ.

ಉಳಿದವು ನಮಗೆಲ್ಲ ಗೊತ್ತಿರುವವೇ. ಮಳೆ ಹಿಡಿಯುವ ಮುನ್ನ ಹೆಂಚು ಕೈಯಾಡಿಸಬೇಕಾದದ್ದನ್ನು ಮರೆತು, ಆಷಾಢದಲ್ಲಿ ಅಡುಗೆಮನೆ ಸೋರಿದಾಗ ಆಳನ್ನು ಹುಡುಕುತ್ತೇವೆ. ಆಗ ಹೆಂಚಿನ ಮೇಲೆ ಪಾಚಿ, ಮೇಲೆ ಬೀಸುಗಾಳಿ. ಏಣಿಯನ್ನು ಬಹಳ ನೆಟ್ಟಗೆ ಇಟ್ಟರೆ ಹಿಂದಕ್ಕೆ ಮಗುಚುತ್ತದೆ, ಬಹಳ ಓರೆಯಾಗಿ ಇಟ್ಟರೆ ಬುಡ ಜಾರುತ್ತದೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡವನ್ನು ಆಚೆಗೆ ಎಳೆದು, ತುದಿ ಸೂರಿನ ಅಂಚಿನಿಂದ ಮೂರು ಅಡಿ ಮೇಲೆ ನಿಲ್ಲುವಂತೆ ಇಟ್ಟು ಕಟ್ಟಬೇಕು. ಹನ್ನೆರಡು ಅಡಿಯ ಸೂರು ಏನು ಮಹಾ ಎನ್ನುವವರಿದ್ದಾರೆ. ಹನ್ನೆರಡು ಅಡಿಯಿಂದ ಬಿದ್ದವನು ನೆಲ ಸೇರಲು ಒಂದು ಸೆಕೆಂಡು ಕೂಡ ಹಿಡಿಯುವುದಿಲ್ಲ. ನೆಲ ಮುಟ್ಟುವಾಗ ಆತನ ವೇಗ ಗಂಟೆಗೆ ಸುಮಾರು 30 ಕಿಲೋಮೀಟರು. ಹಿಡಿದುಕೊಳ್ಳೋಣವೆಂದು ಯೋಚಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹಗ್ಗದ ಮೇಲೆ ಕೆಲಸಗಾರನಿಗಿರುವ ಅಸಮಾಧಾನದಲ್ಲಿ ಅರ್ಧ ನಿಜವಿದೆ ಎಂಬುದನ್ನು ಒಪ್ಪಬೇಕು. ಅದು ಕಾಲಿಗೆ ತೊಡರುತ್ತದೆ, ಹೆಜ್ಜೆಹೆಜ್ಜೆಗೂ ಬಿಚ್ಚಿ ಕಟ್ಟಬೇಕಾಗುತ್ತದೆ, ಕೆಲಸ ನಿಧಾನವಾಗುತ್ತದೆ. ತಪ್ಪಾಗಿ ಕಟ್ಟಿದ ಹಗ್ಗ ಕಟ್ಟದೆ ಇರುವುದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಆರು ಅಡಿಯ ಹಗ್ಗವನ್ನು ಕಾಲಿನ ಮಟ್ಟದಲ್ಲಿ ಬಿಗಿದುಕೊಂಡವನು ಬಿದ್ದರೆ ಹಗ್ಗ ಸೆಟೆಯುವ ಹೊತ್ತಿಗೆ ಆರಡಿಗಿಂತ ಬಹಳ ಹೆಚ್ಚು ಕೆಳಗೆ ಬಂದಿರುತ್ತಾನೆ. ತಗ್ಗಿನ ಸೂರಾದರೆ ಹಗ್ಗಕ್ಕಿಂತ ಮೊದಲು ನೆಲವೇ ಸಿಕ್ಕಿರುತ್ತದೆ. ಆದ್ದರಿಂದ ನಮ್ಮ ಮನೆಗಳಂಥ ಕಡೆ ಬೀಳುವವನನ್ನು ಹಿಡಿಯುವ ಹಗ್ಗಕ್ಕಿಂತ ಅಂಚಿನವರೆಗೆ ಹೋಗಗೊಡದ ಗಿಡ್ಡ ಹಗ್ಗವೇ ಮೇಲು. ಅದನ್ನು ಹೆಂಚು ಕೂರುವ ತೆಳು ಪಟ್ಟಿಗೆ ಕಟ್ಟದೆ ಗಟ್ಟಿಯಾದ ತೊಲೆಗೋ ಮನೆಯ ಆಚೆ ಬದಿಯ ಕಂಬಕ್ಕೋ ಕಟ್ಟಬೇಕು. ಸೊಂಟಕ್ಕೆ ಸುತ್ತಿದ ಹಗ್ಗ ಜಗ್ಗಿದರೆ ಹೊಟ್ಟೆಯೊಳಗೆ ಪೆಟ್ಟಾಗುತ್ತದೆ. ತೊಡೆ, ಭುಜಗಳಿಗೆ ಭಾರ ಹಂಚುವ ಪೂರ್ಣ ಪಟ್ಟಿಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಆಯುಧಪೂಜೆಯ ದಿನ ಗಾರೆ ಕೆಲಸದವರು ಕರಣೆ, ತೂಕದಗುಂಡು, ಮಟ್ಟಗೋಲುಗಳಿಗೆ ಭಕ್ತಿಯಿಂದ ಕುಂಕುಮವಿಡುತ್ತಾರೆ. ಆ ಸಾಲಿನಲ್ಲಿ ಹಗ್ಗವನ್ನು ನಾನು ಕಂಡಿಲ್ಲ. ಅದು ಇನ್ನೂ ಕಸುಬಿನ ಆಯುಧವಾಗಿಲ್ಲ.

ಕಸುಬಿನವರ ಮನೋಭಾವ ಬದಲಾಗುವುದೇ ಇಲ್ಲವೇ? ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 1933ರಿಂದ 1937ರವರೆಗೆ ಗೋಲ್ಡನ್ ಗೇಟ್ ಸೇತುವೆಯನ್ನು ಕಟ್ಟಿದರು. ಎತ್ತರದ ಉಕ್ಕಿನ ಕೆಲಸದಲ್ಲಿ ಕೆಲವರು ಸಾಯುವುದು ಸಹಜವೆಂದೇ ಆ ಕಾಲದ ಎಣಿಕೆಯಾಗಿದ್ದಿತು. ಮುಖ್ಯ ಎಂಜಿನಿಯರಾದ ಜೋಸೆಫ್ ಸ್ಟ್ರಾಸ್ ಸೇತುವೆಯ ಅಡಿಯಲ್ಲಿ ದೊಡ್ಡ ಬಲೆಯೊಂದನ್ನು ಕಟ್ಟಿಸಿದರು. ಬಲೆಗೆ ಬಿದ್ದು 19 ಮಂದಿ ಬದುಕಿ ಉಳಿದರು. 1937ರ ಫೆಬ್ರವರಿಯಲ್ಲಿ ಒಂದು ಭಾರಿ ಅಟ್ಟಣೆ ಕಳಚಿ ಬಲೆಯನ್ನೇ ಹರಿದುಕೊಂಡು ಹೋದಾಗ ಹತ್ತು ಮಂದಿ ಸತ್ತರೆಂಬುದೂ ನಿಜ, ಬಲೆ ಸರ್ವರಕ್ಷಕವಾಗಿರಲಿಲ್ಲ. ಆದರೆ ಬದುಕಿದ ಆ 19 ಮಂದಿ ಬಲೆಯನ್ನು ಹೇಡಿತನವೆಂದು ತಿಳಿಯಲಿಲ್ಲ. ನರಕದ ಅರ್ಧದಾರಿಯವರೆಗೆ ಹೋಗಿಬಂದವರ ಸಂಘವೆಂದು ತಮಾಷೆಯಾಗಿ ಹೆಸರಿಟ್ಟುಕೊಂಡು ಹೇಳಿಕೊಂಡರು. ಗಮನಿಸಬೇಕಾದದ್ದು ಇಷ್ಟು: ಬಲೆಯನ್ನು ಕೆಲಸಗಾರರು ಮನೆಯಿಂದ ತಂದಿರಲಿಲ್ಲ. ಕಟ್ಟಿಸುವವರ ಲೆಕ್ಕದಲ್ಲಿ ಅದು ಮೊದಲೇ ಸೇರಿತ್ತು.

ನಮ್ಮ ಮನೆಗಳ ಲೆಕ್ಕದಲ್ಲಿ ಅದು ಸೇರುವುದಿಲ್ಲ. ಮೇಸ್ತ್ರಿ ಒಂದು ದರ ಹೇಳುತ್ತಾನೆ, ನಾವು ಅದರಲ್ಲಿ ಐನೂರು ಇಳಿಸುತ್ತೇವೆ, ಸಂಜೆಯೊಳಗೆ ಮುಗಿಸೆನ್ನುತ್ತೇವೆ. ಆ ಐನೂರು ಬರುವುದು ಎಲ್ಲಿಂದ? ಹೆಂಚಿನ ಬೆಲೆಯಿಂದ ಬರುವುದಿಲ್ಲ, ಕೂಲಿಯಿಂದ ಅಷ್ಟಾಗಿ ಬರುವುದಿಲ್ಲ. ಕಟ್ಟದೆ ಹೋದ ಸಾರುವೆಯಿಂದ, ಕರೆಯದೆ ಹೋದ ಎರಡನೆಯ ಆಳಿನಿಂದ ಬರುತ್ತದೆ. ಚಾಮುಂಡವ್ವ ಇದ್ದಾಳೆ ಎಂದು ಆತ ಹೇಳುವುದು ಭಕ್ತಿಯಿಂದ ಹೌದು. ಬೇರೆ ಯಾರೂ ಆ ಹೊಣೆ ಹೊರಲಿಲ್ಲವೆಂಬ ಕಾರಣದಿಂದಲೂ ಹೌದು.

ಕಾನೂನು ಇಲ್ಲವೇ ಎಂದರೆ, ಇದೆ. ಕಟ್ಟಡ ಕಾರ್ಮಿಕರ ರಕ್ಷಣೆಗೆ 1996ರಲ್ಲಿ ಕೇಂದ್ರ ಶಾಸನವೇ ಬಂದಿತು. ಆದರೆ ಹತ್ತು ಮಂದಿಗಿಂತ ಕಡಮೆ ಆಳುಗಳಿರುವ ಕೆಲಸವನ್ನೂ, ಸ್ವಂತ ವಾಸದ ಮನೆಗೆ 10 ಲಕ್ಷ ರೂಪಾಯಿ ಮೀರದ ಕೆಲಸ ಮಾಡಿಸುವವರನ್ನೂ ಅದು ಹೊರಗಿಟ್ಟಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾರ್ಮಿಕ ಸಂಹಿತೆ ಈ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ. ಹಾಗಾಗಿ ಇಬ್ಬರು ಆಳುಗಳು ಬಂದು ಹೆಂಚು ಬದಲಿಸಿ ಹೋಗುವ ಮನೆಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ಅಲ್ಲಿ ಮೇಲ್ವಿಚಾರಣೆ ಮಾಡುವುದಿದ್ದರೆ ಮನೆಯ ಯಜಮಾನರೋ ಯಜಮಾನಿಯೋ ಮಾಡಬೇಕು.

ಅದಕ್ಕೆ ಹೆಚ್ಚಿನ ವಿದ್ಯೆ ಬೇಡ. ದರ ಕೇಳುವಾಗಲೇ ಸಾರುವೆ, ಹಲಗೆ, ಹಗ್ಗಗಳಿಗೆ ಎಷ್ಟೆಂದು ಬೇರೆಯಾಗಿ ಹೇಳಿಸಿ ಬರೆದುಕೊಂಡು, ಆ ಬಾಬಿನಲ್ಲಿ ಚೌಕಾಸಿ ಮಾಡದಿದ್ದರೆ ಮೇಸ್ತ್ರಿಯ ಧಾಟಿಯೇ ಬದಲಾಗುತ್ತದೆ. ಇದು ಅನುಭವದ ಮಾತು. ಹೆಂಚು ಒದ್ದೆಯಾಗಿರುವ ದಿನ ಕೆಲಸ ಬೇಡವೆನ್ನಬೇಕು, ಬಂದವನನ್ನು ಬರಿಗೈಯಲ್ಲಿ ಕಳಿಸಲೂಬಾರದು. ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದೆಯೇ ಎಂದು ಒಂದು ಮಾತು ಕೇಳಬಹುದು; 18ರಿಂದ 60 ವರ್ಷದೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಈ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು, ಅಪಘಾತವಾದರೆ ಮಂಡಳಿಯಿಂದ ನೆರವುಂಟು. ಇಷ್ಟಾಗಿಯೂ ಒಬ್ಬ ಬಿದ್ದರೆ, ನಾಲ್ವರು ಕೈಕಾಲು ಹಿಡಿದೆತ್ತಿ ಆಟೋರಿಕ್ಷಾಕ್ಕೆ ತುಂಬಬಾರದು. ಬೆನ್ನುಮೂಳೆ ಮುರಿದಿದ್ದರೆ ಹಾಗೆ ಎತ್ತುವುದರಿಂದಲೇ ಕಾಲುಗಳ ಸ್ವಾಧೀನ ಶಾಶ್ವತವಾಗಿ ತಪ್ಪಬಹುದು. ಬಿದ್ದಲ್ಲಿಯೇ ಅಲುಗಾಡದಂತೆ ಮಲಗಿಸಿ, ಕುತ್ತಿಗೆ ತಿರುಗದಂತೆ ನೋಡಿಕೊಂಡು, 108ಕ್ಕೆ ಫೋನು ಮಾಡಬೇಕು.