ಓಕ್ ನೆರಳಿನ ಹೂದೋಟ

ಲಂಡನ್ನಿನ ನೈಋತ್ಯ ಭಾಗದಲ್ಲಿರುವ ರಿಚ್‌ಮಂಡ್ ಪಾರ್ಕ್, ದೊರೆ ಒಂದನೆಯ ಚಾರ್ಲ್ಸ್ 1637ರಲ್ಲಿ ಬೇಟೆಗೆಂದು ಸುತ್ತ ಗೋಡೆ ಹಾಕಿಸಿದ ಜಿಂಕೆವನ. ಅದರೊಳಗೆ ಸುಮಾರು 40 ಎಕರೆಯ ಇಸಾಬೆಲ್ಲಾ ಪ್ಲಾಂಟೇಶನ್ ಎಂಬ ಕಾಡುತೋಟವಿದೆ. ಏಪ್ರಿಲ್ ಕೊನೆ, ಮೇ ಆರಂಭದಲ್ಲಿ ಇಲ್ಲಿಗೆ ಹೋದವರಿಗೆ ಕಾಣುವುದು ಎಲೆಯೇ ಮುಚ್ಚಿಹೋಗುವಂತೆ ಅರಳಿದ ಅಜೇಲಿಯಾ ಪೊದೆಗಳು. ಗುಲಾಬಿ, ಕೆನ್ನೇರಳೆ, ಬಿಳಿ ಬಣ್ಣಗಳು ಕೊಳದ ನೀರಿನಲ್ಲೂ ಮೂಡಿರುತ್ತವೆ. ಪ್ರವೇಶ ಶುಲ್ಕವಿಲ್ಲ.

ಕಾಡೇ ತಾನಾಗಿ ಹೂಬಿಟ್ಟಿತೇನೋ ಎನ್ನಿಸುವ ಈ ತೋಟ ಪೂರ್ತಿ ಮನುಷ್ಯರ ಕೈಕೆಲಸ. 1831ರಲ್ಲಿ ಲಾರ್ಡ್ ಸಿಡ್‌ಮತ್ ಈ ಜಾಗಕ್ಕೆ ಬೇಲಿ ಹಾಕಿಸಿ ಓಕ್, ಬೀಚ್, ಚೆಸ್ಟ್‌ನಟ್ ಗಿಡಗಳನ್ನು ನೆಡಿಸಿದ. ಉದ್ದೇಶ ಹೂವಲ್ಲ, ಮರಮುಟ್ಟು. ಬೇಲಿಯಿಲ್ಲದಿದ್ದರೆ ಜಿಂಕೆಗಳು ಸಸಿಗಳನ್ನು ಉಳಿಸುತ್ತಿರಲಿಲ್ಲ.

ಆ ಮರಗಳೇ ಮುಂದೆ ಹೂಗಿಡಗಳಿಗೆ ಕೊಡೆಯಾದವು. ಅಜೇಲಿಯಾದ ಬೇರು ಸಣ್ಣದು, ಮೇಲ್ಮಣ್ಣಿನಲ್ಲೇ ಹರಡುವಂಥದು. ಅದಕ್ಕೆ ಆಮ್ಲೀಯವಾದ, ತೇವ ಆರದ ಮಣ್ಣು ಬೇಕು. ಎಲೆಗಳ ನಡುವೆ ಸೋಸಿ ಬರುವ ಬಿಸಿಲು, ಉದುರಿ ಕೊಳೆತ ಎಲೆಗೊಬ್ಬರ ಎರಡನ್ನೂ ಹಳೆಯ ಮರಗಳು ಒದಗಿಸುತ್ತವೆ.

ಈಗಿನ ತೋಟ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ಬಳಿಕ. 1951ರಿಂದ 1971ರವರೆಗೆ ಪಾರ್ಕಿನ ಮೇಲ್ವಿಚಾರಕರಾಗಿದ್ದ ಜಾರ್ಜ್ ಥಾಮ್ಸನ್ ಇದರ ಮುಖ್ಯ ಶಿಲ್ಪಿ. 1953ರಲ್ಲಿ ತೋಟ ಜನರಿಗೆ ತೆರೆಯಿತು. ಇಲ್ಲಿನ ಹೆಸರಾಂತ ಕುರುಮೆ ಅಜೇಲಿಯಾಗಳ ತವರು ಜಪಾನ್. ಸಸ್ಯಾನ್ವೇಷಕ ಅರ್ನೆಸ್ಟ್ ವಿಲ್ಸನ್ 1918ರಲ್ಲಿ ಕುರುಮೆ ಊರಿನಲ್ಲಿ 50 ತಳಿಗಳನ್ನು ಆರಿಸಿದ್ದರು. ಆ ತಳಿಗಳ ರಾಷ್ಟ್ರೀಯ ಸಂಗ್ರಹ ಇಲ್ಲಿದೆ.

ನೆಟ್ಟದ್ದರಷ್ಟೇ ಮುಖ್ಯವಾದದ್ದು ಕಿತ್ತದ್ದು. ಹದಿನೆಂಟನೆಯ ಶತಮಾನದಲ್ಲಿ ಅಂದಕ್ಕಾಗಿ ಬ್ರಿಟನ್ನಿಗೆ ತಂದ ರೋಡೋಡೆಂಡ್ರಾನ್ ಪಾಂಟಿಕಮ್, ಅಜೇಲಿಯಾದ ಹತ್ತಿರದ ಬಂಧು. ಅದರ ಹೂವೂ ಚೆಂದ. ಆದರೆ ಅದು ದಟ್ಟವಾಗಿ ಹಬ್ಬಿದ ಕಡೆ ಬೆಳಕು ನೆಲ ಮುಟ್ಟುವುದಿಲ್ಲ. ಮರದ ಸಸಿಗಳು ಮೇಲೇಳುವುದಿಲ್ಲ. ಮರಗಳನ್ನು ಕೊಲ್ಲುವ ಫೈಟಾಫ್ತೊರಾ ರೋಗಕ್ಕೂ ಅದು ಆಶ್ರಯ ಕೊಡುತ್ತದೆ. ಥಾಮ್ಸನ್ ಅದನ್ನು ಬಹುಭಾಗದಿಂದ ತೆಗೆಸಿ ಬೇರೆ ಜಾತಿಗಳನ್ನು ನೆಡಿಸಿದರು.

ಎರಡೂ ಹೊರನಾಡಿನಿಂದ ಬಂದ ಗಿಡಗಳೇ. ಒಂದು ಮರದ ನೆರಳಿನಲ್ಲಿ ಬದುಕುತ್ತದೆ, ಇನ್ನೊಂದು ಮುಂದಿನ ಮರ ಹುಟ್ಟದಂತೆ ಮಾಡುತ್ತದೆ. ಹೂವು ಕೆಲವು ವಾರಗಳದು. ಈ ವ್ಯತ್ಯಾಸ ಗಮನಿಸುವ ಮಾಲಿಯ ಕೆಲಸ ವರ್ಷವಿಡೀ ನಡೆಯಬೇಕು.