ಬಸವನಗುಡಿಯಲ್ಲೊಂದು ಪುಟ್ಟ ಜಲಮಂಡಳಿ

ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯ ಹಳೇ ಮನೆ. ಕೆಂಪು ಗಾರೆಯ ನೆಲದ ಮೇಲೆ ಗ್ರಾಫ್ ಹಾಳೆ ಹರವಿಕೊಂಡು ಹುಡುಗ ಮಂಡಿಯೂರಿದ್ದಾನೆ. ಪಕ್ಕದಲ್ಲಿ ಗಾಜಿನ ಬಾಗಿಲು ಕಳಚಿದ ಕಂಪ್ಯೂಟರ್ ಕ್ಯಾಬಿನೆಟ್ಟು. ಅಳೆಯುತ್ತಾನೆ, ಗೆರೆ ಎಳೆಯುತ್ತಾನೆ, ಅಳಿಸುತ್ತಾನೆ. ಎದುರುಮನೆಯ ರಾಯರು, ಜಲಮಂಡಳಿಯ ನಿವೃತ್ತ ಇಂಜಿನಿಯರು, ಪೇಪರ್ ವಾಪಸು ಕೊಡಲು ಬಂದವರು ಅಲ್ಲೇ ನಿಂತುಬಿಟ್ಟರು.

"ಏನಯ್ಯ, ಕಂಪ್ಯೂಟರಿಗೂ ನಲ್ಲಿ ಕನೆಕ್ಷನ್ನಾ?"

"ನಲ್ಲಿ ಬೇಡ ತಾತ. ಒಂದ್ಸಲ ತುಂಬಿದ್ರೆ ಅದೇ ನೀರು ಸುತ್ತುತ್ತಾ ಕಂಪ್ಯೂಟರನ್ನ ತಣ್ಣಗಿಡುತ್ತೆ."

ರಾಯರು ಕುರ್ಚಿ ಎಳೆದುಕೊಂಡರು. ಪ್ರೊಸೆಸರಿನ ಮೇಲೊಂದು ತಾಮ್ರದ ಬ್ಲಾಕು, ಗ್ರಾಫಿಕ್ಸ್ ಕಾರ್ಡಿನ ಮೇಲೆ ಇನ್ನೊಂದು. ಅಲ್ಲಿ ಬಿಸಿಯಾದ ನೀರು ರೇಡಿಯೇಟರಿಗೆ ಹೋಗಿ, ಫ್ಯಾನಿನ ಗಾಳಿಗೆ ತಣಿದು, ರಿಸರ್ವಾಯರಿಗೆ ಇಳಿದು, ಪಂಪಿನಿಂದ ಮತ್ತೆ ಹೊರಡುತ್ತದೆ. "ಮೇಲಕ್ಕೆ ಎತ್ತೋಕೆ ಪಂಪು ಇಷ್ಟೇನಾ?" ಎಂದವರು ತಾವೇ ನಕ್ಕರು. ಮುಚ್ಚಿದ ಸುತ್ತಿನಲ್ಲಿ ಏರಿದಷ್ಟೇ ನೀರು ಇಳಿಯುತ್ತದೆ; ಪಂಪು ಗೆಲ್ಲಬೇಕಾದ್ದು ಕೊಳವೆ, ಬ್ಲಾಕುಗಳ ತಡೆಯನ್ನು ಮಾತ್ರ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಯ ಪಂಪುಗಳನ್ನು ದಾಟಿ ಬೆಂಗಳೂರಿಗೆ ಬರುವ ಕಾವೇರಿಗೆ ಆ ಭಾಗ್ಯವಿಲ್ಲ. ಎತ್ತಿದ್ದೆಲ್ಲ ನಮ್ಮ ಹೊರೆಯೇ.

ಆಮೇಲೆ ಶುರುವಾಯಿತು ಪರೀಕ್ಷೆ. "ವಾಷ್‌ಔಟ್ ವಾಲ್ವ್ ಎಲ್ಲಿ? ಗಾಳಿ ಎಲ್ಲಿಂದ ಹೋಗತ್ತೆ?" ಹುಡುಗನ ನಕ್ಷೆಯಲ್ಲಿ ಎರಡೂ ಇದ್ದವು. ನೀರು ಬಸಿಯಲು ಅತಿ ಕೆಳಗೊಂದು ಸಣ್ಣ ವಾಲ್ವು, ಗುಳ್ಳೆ ಏರಿ ಹೋಗಲು ರಿಸರ್ವಾಯರಿನ ಮುಚ್ಚಳ. ರಿಸರ್ವಾಯರು ಪಂಪಿಗಿಂತ ಮೇಲೇ ಇರಬೇಕು, ನೀರಿಲ್ಲದೆ ತಿರುಗಿದರೆ ಪಂಪು ಸುಟ್ಟುಹೋಗುತ್ತದೆ. ರಾಯರ ಮುಖದಲ್ಲಿ ಮೆಚ್ಚುಗೆ ಕಂಡಿತು, ಬಾಯಲ್ಲಿ ಬರಲಿಲ್ಲ.

ಸಾಮಾನಿಗೆ ಎಸ್.ಪಿ. ರೋಡು. ಟೌನ್‌ಹಾಲಿನ ಬಳಿ ಇಳಿದು ಆ ರಸ್ತೆಗೆ ಕಾಲಿಟ್ಟರೆ ರಟ್ಟಿನ ಪೆಟ್ಟಿಗೆ ಹೊತ್ತ ಗಾಡಿಗಳು, ಸ್ಕೂಟರ್ ಹಾರ್ನು, "ಏನ್ ಬೇಕು ಸಾರ್, ಲ್ಯಾಪ್‌ಟಾಪಾ, ಸಿಸ್ಟಮ್ಮಾ?" ಎಂಬ ಕೂಗು. ಎಲ್ಲ ಸೇರಿಸಿಟ್ಟ ರೆಡಿಮೇಡ್ ಕೂಲರು ಸುಲಭವಾಗಿ ಸಿಗುತ್ತದೆ. ಬಿಡಿಭಾಗ ಕೇಳಿದರೆ ಅಂಗಡಿಯವನ ತಲೆ ಅಡ್ಡಡ್ಡ ಆಡುತ್ತದೆ. ಕಾರ್ಡಿನ ಬ್ಲಾಕಂತೂ ಆಯಾ ಮಾದರಿಯ ಕಾರ್ಡಿಗೇ ಕೊರೆದದ್ದಾಗಬೇಕು, ತರಿಸಿಕೊಳ್ಳುವುದೇ ದಾರಿ. ಅಗ್ಗಕ್ಕೆ ಸಿಕ್ಕಿತೆಂದು ಅಲ್ಯೂಮಿನಿಯಂ ರೇಡಿಯೇಟರನ್ನು ತಾಮ್ರದ ಬ್ಲಾಕಿನ ಜೊತೆ ಕೂಡಿಸಬಾರದು. ಎರಡು ಲೋಹ, ನಡುವೆ ನೀರು: ಅಲ್ಯೂಮಿನಿಯಂ ಸವೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಂತೂ ಬೇಡವೇ ಬೇಡ. ಡಿಸ್ಟಿಲ್ಡ್ ವಾಟರು, ಪಾಚಿ ಮತ್ತು ತುಕ್ಕು ತಡೆಯುವ ಔಷಧಿ, ಅಥವಾ ಇದಕ್ಕೆಂದೇ ಮಾಡಿದ ಕೂಲೆಂಟು. ಗಾಜಿನಂಥ ಗಟ್ಟಿ ಕೊಳವೆ ನೋಡಲು ಚಂದ, ಆದರೆ ಕಾಯಿಸಿ ಬಗ್ಗಿಸಬೇಕು. ಮೊದಲ ಸಲಕ್ಕೆ ಮೆತ್ತನೆಯ ಕೊಳವೆಯೇ ವಾಸಿ.

ಇನ್ನು ಲೆಕ್ಕ. ಆರ್‌ಟಿಎಕ್ಸ್ 4090 ಕಾರ್ಡು 450 ವಾಟ್, ಕೋರ್ ಐ9 14900ಕೆ ಪ್ರೊಸೆಸರು ಏರಿದಾಗ 253. ಎರಡೂ ಒಟ್ಟಿಗೆ ದುಡಿದರೆ ಸುಮಾರು 700 ವಾಟ್, ಅಂದರೆ ಒಂದು ಇಸ್ತ್ರಿಪೆಟ್ಟಿಗೆಯ ಕಾವು. ನಿಮಿಷಕ್ಕೆ ನಾಲ್ಕು ಲೀಟರ್ ಹರಿದರೆ ಒಂದು ಸುತ್ತಿನಲ್ಲಿ ನೀರು ಬಿಸಿಯಾಗುವುದು ಎರಡೂವರೆ ಡಿಗ್ರಿ ಮಾತ್ರ. ಹಾಗಾಗಿ ಯಾವ ಬ್ಲಾಕು ಮೊದಲು, ಯಾವುದು ಆಮೇಲೆ ಎಂಬ ತರ್ಕಕ್ಕೆ ಹೆಚ್ಚು ಬೆಲೆಯಿಲ್ಲ. ಕೊಳವೆ ಸಲೀಸಾಗಿ ಹೋಗುವ ದಾರಿಯೇ ಸರಿಯಾದ ದಾರಿ.

ಇದೇನು ವಿಡಿಯೊ ಗೇಮ್ ಹುಡುಗರ ಶೋಕಿ ಎನ್ನುವವರು ಮಲ್ಲೇಶ್ವರದ ಆಚೆ ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಬುಲ್‌ಸೀಕ್ವಾನಾ ಯಂತ್ರವೂ ಚಿಪ್ಪಿನ ಬಳಿಗೇ ನೀರು ಹರಿಸಿ ತಣಿಸುವ ಜಾತಿಯದೇ.

ಆದರೆ ನೀರು ಬಿಸಿಯನ್ನು ಸಾಗಿಸುತ್ತದೆ, ನುಂಗುವುದಿಲ್ಲ. ಅಷ್ಟೂ ಕಾವು ಕೊನೆಗೆ ಕೋಣೆಗೇ ಬರುತ್ತದೆ. ಕೋಣೆಯ ಗಾಳಿಗಿಂತ ತಣ್ಣಗೆ ನೀರು ಆಗಲಾರದು. ಫ್ಯಾನೇ ಬೇಡ ಎನ್ನುತ್ತಿದ್ದ ಊರಿನಲ್ಲಿ ಈಗ ಏಪ್ರಿಲ್ಲಿನ ಮಧ್ಯಾಹ್ನ ಕೋಣೆಯೇ 34 ಡಿಗ್ರಿ ಮುಟ್ಟಿದರೆ, ನೀರು 44ರ ಆಸುಪಾಸು ನಿಲ್ಲುತ್ತದೆ. ಬಣ್ಣದ ದೀಪಕ್ಕೆ ಸುರಿಯುವ ದುಡ್ಡನ್ನು ದೊಡ್ಡ ರೇಡಿಯೇಟರಿಗೆ ಹಾಕುವುದು ಜಾಣತನ. ಕಿಟಕಿ ತೆರೆಯುವುದು ಪುಕ್ಕಟೆ.

ತುಂಬಿಸುವ ದಿನ ಆತುರ ಬೇಡ. ಮದರ್‌ಬೋರ್ಡಿಗೂ ಕಾರ್ಡಿಗೂ ಕರೆಂಟು ಕೊಡದೆ, ಪಂಪೊಂದನ್ನೇ ಇಡೀ ದಿನ ಓಡಿಸಿ, ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಪೇಪರ್ ಹಾಸಿಡಿ. ಒಂದೇ ಒಂದು ಹಾಳೆ ಒದ್ದೆಯಾದರೂ ನೀರು ಬಸಿದು, ಬಿಚ್ಚಿ, ಮೊದಲಿಂದ ಕೂಡಿಸಿ.